ಬಲ್ಮಠದಿಂದ ಮಲ್ಪೆಗೆ: ಹಳೆ ಮಿಶನ್ ಕಟ್ಟಡಗಳ ಜಾಡಿನಲ್ಲಿ ನಾಲ್ಕು ದಿನ

ಮಂಗಳೂರು, ಉಡುಪಿ ಕರಾವಳಿಯ ಹಳೆ ಕಟ್ಟಡ ನೋಡಲು ಹೊರಡುವುದಾದರೆ ಮಳೆ ನಿಂತ ಮೊದಲ ಎರಡು ವಾರವೇ ಸರಿಯಾದ ಹೊತ್ತು. ಸೆಪ್ಟೆಂಬರ್ ಕೊನೆ, ಇಲ್ಲವೇ ಅಕ್ಟೋಬರ್ ಮೊದಲ ವಾರ. ವರ್ಷಕ್ಕೆ 3,500 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುವ ಸೀಮೆಯಿದು. ನಾಲ್ಕು ತಿಂಗಳು ನೆನೆದ ಗೋಡೆ ಆಗಿನ್ನೂ ಹಸಿಯಾಗಿಯೇ ಇರುತ್ತದೆ. ನೀರು ಎಲ್ಲಿಂದ ಇಳಿಯಿತು, ಎಲ್ಲಿಗೆ ನಿಂತಿತು ಎಂಬುದಕ್ಕೆ ಗೋಡೆಯ ಮೇಲೆ ಕಪ್ಪು ಗೆರೆಗಳ ಸಾಕ್ಷಿ ಇರುತ್ತದೆ. ಡಿಸೆಂಬರ್ ಹೊತ್ತಿಗೆ ಗೋಡೆ ಒಣಗಿ, ಮೇಲೆ ಬಣ್ಣ ಬಿದ್ದುಬಿಟ್ಟರೆ ಅದೆಲ್ಲ ಮುಚ್ಚಿಹೋಗುತ್ತದೆ.

ಚೀಲದಲ್ಲಿ ಹೆಚ್ಚೇನೂ ಬೇಡ. ಐದು ಮೀಟರಿನ ಟೇಪು, ಒಳ್ಳೆಯ ಟಾರ್ಚು, ಪುಸ್ತಕ, ಪೆನ್ಸಿಲ್ಲು, ಗಟ್ಟಿ ಅಟ್ಟೆಯ ಮುಚ್ಚಿದ ಚಪ್ಪಲಿ ಅಥವಾ ಶೂ ಇದ್ದರೆ ಸಾಕು. ಬಳಕೆಯಲ್ಲಿರುವ ಕಟ್ಟಡವಾದರೆ ಕಚೇರಿಯಲ್ಲಿ ಕೇಳಿ ಒಳಹೋಗಬೇಕು. ಪಾಳುಬಿದ್ದದ್ದಕ್ಕೂ ಯಜಮಾನರು ಇರುತ್ತಾರೆ, ಅವರ ಒಪ್ಪಿಗೆ ಇಲ್ಲದೆ ಗೇಟು ದಾಟಬಾರದು. ಪಾಳು ಕಟ್ಟಡಕ್ಕೆ ಒಬ್ಬರೇ ಹೋಗುವುದಂತೂ ಬೇಡವೇ ಬೇಡ. ಹಂಚು ಯಾವಾಗ ಜಾರುತ್ತದೆಂದು ಹೇಳಲಾಗದು, ಹುಲ್ಲು ಬೆಳೆದ ಅಂಗಳದಲ್ಲಿ ಬಾಯಿ ತೆರೆದ ಬಾವಿಯೂ ಇರಬಹುದು.

ಮೊದಲ ದಿನ: ಬಲ್ಮಠ

ಹಂಪನಕಟ್ಟೆಯಿಂದ ಬಲ್ಮಠಕ್ಕೆ ನಡೆದೇ ಹೋಗಬಹುದು, ಏರುದಾರಿ. ಹೊರಡುವ ಮೊದಲು ಹಂಪನಕಟ್ಟೆಯಲ್ಲೇ ಇರುವ ವಿಶ್ವವಿದ್ಯಾನಿಲಯ ಕಾಲೇಜನ್ನು ಹೊರಗಿನಿಂದ ಒಮ್ಮೆ ನೋಡಿಕೊಳ್ಳಿ. 1868ರಲ್ಲಿ ಶುರುವಾದ ಸರಕಾರಿ ಕಾಲೇಜು ಇದು. 1993ರಲ್ಲಿ ಹೆಸರು ಬದಲಾಯಿತು, ಪಾಠ ಮಾತ್ರ ನಿಲ್ಲಲಿಲ್ಲ. ಅದೇ ಕೆಲಸಕ್ಕೆ ಅದೇ ಜಾಗದಲ್ಲಿ ಉಳಿದ ಸಂಸ್ಥೆ ಹೇಗಿರುತ್ತದೆ ಎಂಬುದು ಕಣ್ಣಲ್ಲಿದ್ದರೆ ಮುಂದಿನದನ್ನು ಹೋಲಿಸಲು ಸುಲಭ.

ನಾವು ಜಾಡು ಹಿಡಿದು ಹೊರಟ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆ ಹುಟ್ಟಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ, 1815ರಲ್ಲಿ. ಸ್ಯಾಮುವೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದದ್ದು 1834ರಲ್ಲಿ. 1840ರಲ್ಲಿ ಕಲೆಕ್ಟರ್ ಬ್ಲೇರ್ ಬಲ್ಮಠದ ಗುಡ್ಡದ ಮೇಲಿನ ತನ್ನ ಬಂಗಲೆಯನ್ನು ಮಿಶನ್ನಿಗೆ ಕೊಟ್ಟ. ಅಧಿಕಾರಿಯ ವಾಸದ ಮನೆ ಧರ್ಮಸಂಸ್ಥೆಯ ಕೇಂದ್ರವಾಯಿತು. ಈ ನಾಲ್ಕು ದಿನ ನೋಡುವ ಬದಲಾವಣೆಗಳ ಸರಪಳಿಗೆ ಅದು ಮೊದಲ ಕೊಂಡಿ.

ಮುಂದೆ ಈ ಗುಡ್ಡದ ಮೇಲೆ ಒಂದರ ಪಕ್ಕ ಒಂದು ಕೆಲಸ ಬೆಳೆಯಿತು. 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಹೊರಡಿಸಿದ್ದು ಕಲ್ಲಚ್ಚಿನಲ್ಲೇ, ಕನ್ನಡದ ಮೊದಲ ಪತ್ರಿಕೆ ಅದು. ಜುಲೈ 1ನ್ನು ನಾವು ಪತ್ರಿಕಾ ದಿನವೆಂದು ಆಚರಿಸುವುದು ಆ ನೆನಪಿಗೆ. 1847ರಲ್ಲಿ ಉಪದೇಶಿಗಳನ್ನು ತಯಾರುಮಾಡುವ ಸೆಮಿನರಿ. ಆಮೇಲೆ ನೇಯ್ಗೆಯ ಕಾರ್ಖಾನೆ. ಖಾಕಿ ಬಣ್ಣ ಇಲ್ಲಿ ಹುಟ್ಟಿತೆನ್ನುವುದು ಮಂಗಳೂರಿನವರ ಹೆಮ್ಮೆಯ ಮಾತು, ಇಲ್ಲಿನ ನೇಯ್ಗೆಯ ಮೇಲ್ವಿಚಾರಕ ಹಾಲರ್‌ನ ಹೆಸರಿಗೆ ಅದು ಅಂಟಿಕೊಂಡಿದೆ. 1862ರಲ್ಲಿ ಇಗರ್ಜಿ, ಈಗಿನ ಶಾಂತಿ ಕೆಥೆಡ್ರಲ್. ಕಿಟ್ಟೆಲ್ ನಿಘಂಟು 1894ರಲ್ಲಿ ಅಚ್ಚಾಗಿ ಹೊರಬಂದದ್ದು ಬಾಸೆಲ್ ಮಿಶನ್ ಮುದ್ರಣಾಲಯದಿಂದಲೇ. ಆಗ ಸೆಮಿನರಿ ನಡೆದ ಕಡೆ ಈಗ ಕರ್ನಾಟಕ ಥಿಯಾಲಜಿಕಲ್ ಕಾಲೇಜು ಇದೆ. ಮಿಶನ್ ಕಾಲದ ಕಾಗದಪತ್ರಗಳ ಭಂಡಾರವೂ ಅಲ್ಲೇ ಇದೆ. ದಾಖಲೆ ನೋಡಬೇಕಾದವರು ಮೊದಲೇ ಪತ್ರ ಬರೆದು ಅನುಮತಿ ಪಡೆದು ಹೋಗಬೇಕು.

ಆ ಕಾಲದ ಇಂಥ ಕಟ್ಟಡಗಳ ಲಕ್ಷಣ ಒಂದೇ: ಉದ್ದ ಹಾಲು, ಎರಡೂ ಬದಿಗೆ ಜಗಲಿ, ದಪ್ಪ ಕೆಂಪುಕಲ್ಲಿನ ಗೋಡೆ, ಮೇಲೆ ಇಳಿಜಾರು ಹಂಚಿನ ಮಾಡು. ನಡುವೆ ಅಡ್ಡಗೋಡೆ ಕಡಿಮೆ. ಮಗ್ಗ ಇಟ್ಟರೂ ಬೆಂಚು ಇಟ್ಟರೂ ಹಾಸಿಗೆ ಹಾಕಿದರೂ ಆ ಹಾಲು ಒಗ್ಗಿಕೊಳ್ಳುತ್ತದೆ. ಮಿಶನ್ ಕಟ್ಟಡಗಳು ಇಷ್ಟು ಕೈ, ಇಷ್ಟು ಕೆಲಸ ಬದಲಿಸಿಯೂ ಉಳಿದದ್ದಕ್ಕೆ ಈ ಸರಳ ಕಟ್ಟೋಣವೇ ಮುಖ್ಯ ಕಾರಣ. ಒಂದೇ ಕೆಲಸಕ್ಕೆಂದು ಹೇಳಿ ಮಾಡಿಸಿದ ಕಟ್ಟಡ ಆ ಕೆಲಸ ನಿಂತ ದಿನವೇ ಅನಾಥವಾಗುತ್ತದೆ. ಅದರ ಉದಾಹರಣೆ ಎರಡನೇ ದಿನಕ್ಕೆ ಸಿಗುತ್ತದೆ.

ಹಳೆ ಕಟ್ಟಡ ಓದುವ ಕ್ರಮ ಹೀಗೆ. ಮೊದಲು ಬಾಗಿಲ ಬಳಿ ಟೇಪು ಹಿಡಿದು ಗೋಡೆಯ ದಪ್ಪ ಅಳೆಯಿರಿ. ಒಂದೂವರೆಯಿಂದ ಎರಡು ಅಡಿ ಬಂದರೆ ಮೂಲ ಗೋಡೆ. ಒಂಬತ್ತಿಂಚು ಅಥವಾ ಅದಕ್ಕೂ ಕಡಿಮೆ ಬಂದರೆ ಆಮೇಲೆ ಎತ್ತಿದ ಅಡ್ಡಗೋಡೆ, ಅಂದರೆ ಅಲ್ಲಿ ಹಾಲನ್ನು ಕೋಣೆಗಳಾಗಿ ಒಡೆದಿದ್ದಾರೆ. ಬಾಗಿಲಿನ ಅಗಲವೂ ಮಾತಾಡುತ್ತದೆ. ಐದಾರಡಿ ಅಗಲದ ಬಾಗಿಲು ಸಾಮಾನು ಹೋಗಿ ಬರಲು ಮಾಡಿದ್ದು, ಮನುಷ್ಯರಿಗಷ್ಟೇ ಆದರೆ ಮೂರೂವರೆ ಅಡಿ ಸಾಕಿತ್ತು. ತೊಲೆಯ ಕೆಳಗಡೆ ಸಾಲಾಗಿ ಕಬ್ಬಿಣದ ಕೊಕ್ಕೆ ಇದ್ದರೆ ಅಲ್ಲಿ ಏನನ್ನೋ ತೂಗುಹಾಕುತ್ತಿದ್ದರು. ನೆಲದಲ್ಲಿ ಚೌಕಾಕಾರದ ತೇಪೆ ಇದ್ದರೆ ಅಲ್ಲೊಂದು ಯಂತ್ರ ಬೋಲ್ಟಿನ ಮೇಲೆ ಕೂತಿತ್ತು.

ಇನ್ನೊಂದು ಸಾಕ್ಷಿ ಗೋಡೆಯ ಬಣ್ಣ. ಗೋಡೆಯನ್ನು ಕೆರೆಯಬೇಡಿ, ತಾನಾಗಿಯೇ ಎದ್ದು ಬಿದ್ದ ಒಂದು ಚಕ್ಕೆಯನ್ನು ಎತ್ತಿ ಅದರ ಅಂಚನ್ನು ಬೆಳಕಿಗೆ ಹಿಡಿಯಿರಿ. ಗೋಡೆಗೆ ತಾಗಿದ ಬದಿಯಲ್ಲಿ ಸುಣ್ಣದ ಪದರಗಳು ಒಂದರ ಮೇಲೊಂದು, ಹಳೆ ರೊಟ್ಟಿಯ ಹಾಗೆ. ವರ್ಷಕ್ಕೊಮ್ಮೆ ಸುಣ್ಣ ಹೊಡೆದಿದ್ದರೆ ಬೆರಳಿನ ಉಗುರಷ್ಟು ದಪ್ಪದಲ್ಲಿ ಹತ್ತಾರು ಪದರ ಸಿಗುತ್ತವೆ. ಅದರ ಮೇಲೆ ಡಿಸ್ಟೆಂಪರಿನ ತಿಳಿ ನೀಲಿ ಇಲ್ಲವೇ ಹಳದಿ. ಎಲ್ಲಕ್ಕೂ ಹೊರಗೆ ಪ್ಲಾಸ್ಟಿಕ್ಕಿನಂತೆ ಬಾಗುವ ತೆಳು ಎಮಲ್ಷನ್. ನೆಲದಿಂದ ನಾಲ್ಕೈದು ಅಡಿವರೆಗೆ ಮಾತ್ರ ಹಸಿರು ಎಣ್ಣೆಬಣ್ಣದ ಪದರ ನಡುವೆ ಸಿಕ್ಕಿತೋ, ಆ ಕೋಣೆ ಒಂದು ಕಾಲಕ್ಕೆ ಆಸ್ಪತ್ರೆಯೋ ಹಾಸ್ಟೆಲೋ ಶಾಲೆಯೋ ಆಗಿತ್ತೆಂದು ಊಹಿಸಬಹುದು. ಕೈ ತಾಗುವಷ್ಟು ಎತ್ತರಕ್ಕೆ ತೊಳೆಯಲು ಬರುವ ಬಣ್ಣ ಹಚ್ಚುತ್ತಿದ್ದದ್ದು ಅಂಥಲ್ಲಿ.

ಎರಡನೇ ದಿನ: ಜೆಪ್ಪು, ಬೋಳಾರ, ನೇತ್ರಾವತಿ ದಂಡೆ

ಸ್ಟೇಟ್ ಬ್ಯಾಂಕ್ ನಿಲ್ದಾಣದಿಂದ ಮೋರ್ಗನ್ಸ್ ಗೇಟ್ ಕಡೆ ಹೋಗುವ ಸಿಟಿ ಬಸ್ಸು ಹತ್ತಿದರೆ ಹದಿನೈದು ಇಪ್ಪತ್ತು ನಿಮಿಷದ ದಾರಿ. ಬೆಳಗ್ಗೆ ಎಂಟಕ್ಕೇ ಇಳಿಯುವಂತೆ ಹೊರಡಿ. ಹನ್ನೊಂದರ ಮೇಲೆ ನದಿ ದಂಡೆಯ ಸೆಕೆ ತಡೆಯುವುದು ಕಷ್ಟ.

ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿಗೆ ಬಂದದ್ದು ಮುದ್ರಣಾಲಯದ ಕೆಲಸಕ್ಕೆ. ಅವನ ಕಣ್ಣು ನೇತ್ರಾವತಿಯ ಜೇಡಿಮಣ್ಣಿನ ಮೇಲೆ ಬಿತ್ತು. 1865ರಲ್ಲಿ ಜೆಪ್ಪುವಿನಲ್ಲಿ ಮೊದಲ ಹಂಚಿನ ಕಾರ್ಖಾನೆ ಶುರು ಮಾಡಿದಾಗ ಇದ್ದದ್ದು ಇಬ್ಬರು ಕೆಲಸಗಾರರು, ಒಂದು ಜೋಡಿ ಎತ್ತು, ದಿನಕ್ಕೆ 560 ಹಂಚು. ಅದುವರೆಗೆ ಇಲ್ಲಿ ಮುಳಿಹುಲ್ಲಿನ ಮಾಡು, ಉಳ್ಳವರಿಗೆ ಅರ್ಧ ಕೊಳವೆಯಾಕಾರದ ನಾಡಹಂಚು. 1868ರಲ್ಲಿ ಪಾಣೆಮಂಗಳೂರಿನಲ್ಲಿ ಆಲ್ಬುಕರ್ಕ್ ಕಾರ್ಖಾನೆ ಬಂತು. 1880ರ ದಶಕದಲ್ಲಿ ಮಿಶನ್ ಕುದ್ರೋಳಿ, ಮಲ್ಪೆಗಳಲ್ಲೂ ಕಾರ್ಖಾನೆ ತೆರೆಯಿತು. ಮಣ್ಣು ನದಿಯಲ್ಲಿ ದೋಣಿಗೆ ತುಂಬಿ ಬರುತ್ತಿತ್ತು, ಹಂಚು ಬಂದರಿನಿಂದ ಹಡಗಿಗೆ ತುಂಬಿ ಹೋಗುತ್ತಿತ್ತು. ಎರಡಕ್ಕೂ ನೀರಿನ ದಾರಿಯೇ ಅಗ್ಗವಾದ್ದರಿಂದ ಕಾರ್ಖಾನೆಗಳೆಲ್ಲ ದಂಡೆ ಹಿಡಿದು ನಿಂತವು.

ಮೊದಲ ಮಹಾಯುದ್ಧ ಬಂದಾಗ ಮಿಶನ್ನಿನ ಜರ್ಮನರು ಶತ್ರುದೇಶದವರಾದರು. ಉದ್ಯಮಗಳು ಅವರ ಕೈತಪ್ಪಿ ಯುದ್ಧ ಮುಗಿಯುವ ಹೊತ್ತಿಗೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಹೊಸ ಕಂಪನಿಗೆ ಹೋದವು. ಹಂಚಿನ ಕಾಲನಿರ್ಣಯಕ್ಕೆ ಇದು ಬಹಳ ಉಪಯೋಗದ ಸಂಗತಿ. ಹಂಚಿನ ಮೇಲೆ ಬಾಸೆಲ್ ಮಿಶನ್ ಅಂತ ಅಚ್ಚಿದ್ದರೆ ಯುದ್ಧಕ್ಕೆ ಮೊದಲಿನದು, ಕಾಮನ್‌ವೆಲ್ತ್ ಅಂತಿದ್ದರೆ ಆಮೇಲಿನದು. ಅಚ್ಚಿನಲ್ಲಿ 1865 ಎಂದು ಕಂಡ ಕೂಡಲೇ ಆ ವರ್ಷದ್ದೇ ಹಂಚು ಎಂದುಕೊಳ್ಳುವವರು ಬಹಳ. ಅದು ಕಾರ್ಖಾನೆ ಹುಟ್ಟಿದ ವರ್ಷ, ಹಂಚು ಸುಟ್ಟ ವರ್ಷವಲ್ಲ.

ಜೆಪ್ಪುವಿನಿಂದ ಬೋಳಾರ, ಹೊಯ್ಗೆಬಜಾರಿನವರೆಗಿನ ದಂಡೆಯಲ್ಲಿ ಹಂಚಿನ ಕಾರ್ಖಾನೆಗಳ ಕಾಲ ಮುಗಿದಿದೆ. ಮುಚ್ಚಿದ್ದು ಒಂದೇ ಕಾರಣಕ್ಕಲ್ಲ. ಗದ್ದೆಯ ಜೇಡಿಮಣ್ಣು ತೆಗೆಯುವುದು ಕಷ್ಟವಾಯಿತು, ಸೌದೆಯ ಬೆಲೆ ಏರಿತು, ಜನ ಟೆರೇಸು ಮನೆ ಬಯಸಿದರು, ಟೆರೇಸಿನ ಮೇಲೂ ತಗಡಿನ ಶೀಟು ಬಂತು. ನಗರದ ನಡುವಿನ ನದಿ ದಂಡೆಯ ಜಾಗಕ್ಕೆ ಹಂಚಿಗಿಂತ ಹೆಚ್ಚು ಬೆಲೆ ಬಂದಮೇಲೆ ಉಳಿಯುವುದಾದರೂ ಹೇಗೆ?

ಮುಚ್ಚಿದ ಕಾರ್ಖಾನೆಯನ್ನು ಅರ್ಥಮಾಡಿಕೊಳ್ಳಲು ಹಂಚು ಆಗುವ ದಾರಿ ತಿಳಿದಿರಬೇಕು, ಏಕೆಂದರೆ ಕಟ್ಟಡದ ಪ್ರತಿ ಅಂಕಣವೂ ಆ ದಾರಿಯ ಒಂದು ಮೆಟ್ಟಿಲು. ಬೇಸಗೆಯಲ್ಲಿ ತೆಗೆದ ಮಣ್ಣನ್ನು ಅಂಗಳದಲ್ಲಿ ಗುಡ್ಡೆ ಹಾಕಿ ಹದಗೊಳ್ಳಲು ಬಿಡುತ್ತಿದ್ದರು. ಜಿಗುಟಿನ ಮಣ್ಣಿಗೆ ಮರಳಿನಂಶದ ಮಣ್ಣು ಬೆರೆಸದಿದ್ದರೆ ಒಣಗುವಾಗ ಹಂಚು ತಿರುಚುತ್ತದೆ. ಮರಳಿನಂಶ ಹೆಚ್ಚಾದರೆ ಸುಟ್ಟಮೇಲೂ ನೀರು ಕುಡಿಯುತ್ತದೆ. ಬೆರೆಸಿದ ಮಣ್ಣು ರೋಲರಿನಲ್ಲಿ ಅರೆದು, ಪಗ್‌ಮಿಲ್ಲಿನಲ್ಲಿ ನಾದಿ, ಹಲಗೆಯಾಕಾರದ ತುಂಡಾಗಿ ಹೊರಬರುತ್ತದೆ. ಅದನ್ನು ಒಂದು ದಿನ ಇಟ್ಟು ಪ್ರೆಸ್ಸಿಗೆ ಕೊಡುತ್ತಾರೆ. ಅಚ್ಚಿನಿಂದ ಬಂದ ಹಸಿ ಹಂಚಿನ ಅಂಚು ಕತ್ತರಿಸಿ, ಮರದ ಚೌಕಟ್ಟಿನ ಮೇಲಿಟ್ಟು ಒಣಗಿಸುವ ಅಟ್ಟಕ್ಕೆ ಏರಿಸುತ್ತಾರೆ. ಬಿಸಿಲಿಗೆ ಇಟ್ಟರೆ ಸೀಳುತ್ತದೆ, ನೆರಳಲ್ಲೇ ಗಾಳಿಯಾಡಿ ಒಣಗಬೇಕು. ಮಳೆಗಾಲದಲ್ಲಿ ಈ ಒಂದು ಹಂತಕ್ಕೇ ವಾರಕ್ಕೂ ಹೆಚ್ಚು ಬೇಕು.

ಅದಕ್ಕಾಗಿಯೇ ಭಟ್ಟಿ ಕೆಳಗೆ, ಅಟ್ಟಗಳು ಮೇಲೆ. 800ರಿಂದ 1000 ಡಿಗ್ರಿಯಲ್ಲಿ ಉರಿಯುವ ಭಟ್ಟಿಯ ಹೆಚ್ಚುವರಿ ಬಿಸಿ ಮೇಲಿನ ಎರಡು ಮೂರು ಅಂತಸ್ತಿನ ಹಸಿ ಹಂಚನ್ನು ಒಣಗಿಸುತ್ತಿತ್ತು. ಅಟ್ಟದ ನೆಲ ಹಲಗೆ ಹಲಗೆಯ ನಡುವೆ ಸಂದಿ ಬಿಟ್ಟ ಜಾಳಿಗೆ. ಗೋಡೆಯ ಬದಲು ಮರದ ಪಟ್ಟಿಗಳು. ಕಟ್ಟಡವೇ ಒಂದು ಯಂತ್ರ ಅನ್ನಬೇಕು. ಭಟ್ಟಿ ಆರಿದ ದಿನದಿಂದ ಅದರ ಅವನತಿ. ಬಿಸಿಗಾಳಿ ಏರುತ್ತಿದ್ದಷ್ಟು ಕಾಲ ಮರ ಒಣಗಿರುತ್ತಿತ್ತು, ಒರಲೆ ಸುಳಿಯುತ್ತಿರಲಿಲ್ಲ. ಭಟ್ಟಿ ತಣ್ಣಗಾಗಿ ಎರಡು ಮಳೆಗಾಲ ಕಳೆದರೆ ಅಟ್ಟದ ಕಂಬಗಳ ಬುಡದಲ್ಲಿ ಮಣ್ಣಿನ ಗೆರೆ ಏಳಲು ಶುರು. ಕಂಬವನ್ನು ಬೆರಳ ಗಂಟಿನಿಂದ ಬಡಿದು ನೋಡಿ. ಗಟ್ಟಿ ಮರ ಕಿರಿದಾದ, ಬಿಗಿಯಾದ ಶಬ್ದ ಮಾಡುತ್ತದೆ, ಒಳಗೆ ಒರಲೆ ತಿಂದದ್ದು ಡೊಳ್ಳಿನ ಹಾಗೆ ಗುಂಯ್ ಅನ್ನುತ್ತದೆ. ಹಾಗೆ ಅಂದ ಕಂಬದ ಕೆಳಗೆ ನಿಲ್ಲಬಾರದು.

ಇಂಥ ಕಾರ್ಖಾನೆಗೆ ಆಮೇಲೆ ಸಿಗುವ ಉಪಯೋಗ ಸಾಮಾನ್ಯವಾಗಿ ಗೋದಾಮು, ಮರದ ಡಿಪೋ, ವಾಹನ ನಿಲ್ಲಿಸುವ ಜಾಗ. ಗೋದಾಮು ಆದರೆ ಕಟ್ಟಡಕ್ಕೆ ಒಂದು ಲಾಭ ಇದೆ. ಒಳಗಿನ ಸರಕು ನೆನೆಯಬಾರದೆಂದು ಯಾರಾದರೂ ವರ್ಷಕ್ಕೊಮ್ಮೆ ಮಾಡಿಗೆ ಹತ್ತುತ್ತಾರೆ. ವಾಹನ ನಿಲ್ದಾಣವಾದರೆ ಅಷ್ಟೂ ಇಲ್ಲ. ಲಾರಿಗೆ ಅಡ್ಡವೆಂದು ಕೆಳಗಿನ ಒಂದೆರಡು ಕಂಬ ತೆಗೆಯುತ್ತಾರೆ, ಮೇಲಿನ ಭಾರ ಪಕ್ಕದ ಕಂಬಕ್ಕೆ ಹೋಗಿ ತೊಲೆ ಬಾಗುತ್ತದೆ. ಮಾಡಿನ ನೆತ್ತಿಯ ಗೆರೆಯನ್ನು ದೂರದಿಂದ ನೋಡಿ. ನೇರ ಇರಬೇಕಾದ ಗೆರೆ ಕುದುರೆಯ ಬೆನ್ನಿನಂತೆ ತಗ್ಗಿದ್ದರೆ ಕೆಳಗೆ ಎಲ್ಲೋ ಆಧಾರ ಹೋಗಿದೆ ಎಂದೇ ಲೆಕ್ಕ.

ಮಾಡು ಸಾಯುವ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಮಂಗಳೂರು ಹಂಚು 41–42 ಸೆಂಟಿಮೀಟರ್ ಉದ್ದ, 23ರಿಂದ 26 ಅಗಲ, ಎರಡೂವರೆ ಕಿಲೋ ಆಚೀಚೆ ತೂಕ. ಹಿಂಬದಿಯ ಮೂಗು ರೀಪಿಗೆ, ಅಂದರೆ ಹಂಚನ್ನು ಹೊರುವ ಮರದ ಅಡ್ಡಪಟ್ಟಿಗೆ, ಸಿಕ್ಕಿಕೊಳ್ಳುತ್ತದೆ. ಒಂದು ಅಂಚಿನ ಕಾಲುವೆಯೊಳಗೆ ಪಕ್ಕದ ಹಂಚಿನ ಏಣು ಕೂರುತ್ತದೆ. ರೀಪುಗಳ ನಡುವೆ ಸುಮಾರು ಹನ್ನೆರಡೂವರೆ ಇಂಚು. ನೂರು ಚದರ ಅಡಿ ಮಾಡಿಗೆ 140ರಿಂದ 150 ಹಂಚು, ಅಂದರೆ ಒಣಗಿದ್ದಾಗ ಮೂರೂವರೆ ಕ್ವಿಂಟಲ್ ಭಾರ, ಮಳೆಯಲ್ಲಿ ನೀರು ಕುಡಿದು ಇನ್ನೂ ಹೆಚ್ಚು. ತೆಂಗಿನಕಾಯಿ ಬಿದ್ದೋ ಮಂಗ ಹಾರಿಯೋ ಒಂದು ಹಂಚು ಒಡೆಯುತ್ತದೆ. ಆ ತೂತಿನಿಂದ ನೀರು ನೇರ ನೆಲಕ್ಕೆ ಬಿದ್ದರೆ ಚಿಂತೆಯಿಲ್ಲ, ಆದರೆ ಅದು ರೀಪು ಹಿಡಿದು ಹರಿಯುತ್ತದೆ. ಎರಡು ವರ್ಷದಲ್ಲಿ ಆ ರೀಪು ಕುಂಬಾಗಿ ಮುರಿದರೆ ಅದರ ಮೇಲಿನ ಸಾಲಿನ ಹಂಚೆಲ್ಲ ಒಟ್ಟಿಗೆ ಜಾರುತ್ತವೆ. ಈಗ ನೀರು ರೀಪು ಹೊತ್ತ ಇಳಿಜಾರು ಮರವಾದ ಪಕ್ಕಾಸಿಗೆ, ಅಲ್ಲಿಂದ ಗೋಡೆಯ ನೆತ್ತಿಗೆ. ಕಲ್ಲುಗಳ ನಡುವಿನ ಸುಣ್ಣ ಕರಗಿ ಇಳಿದು, ಗೋಡೆ ಮೇಲ್ಭಾಗದಲ್ಲಿ ಹೊಟ್ಟೆ ಬಿಡುತ್ತದೆ. ಹಕ್ಕಿ ತಂದುಹಾಕಿದ ಅಶ್ವತ್ಥದ ಬೀಜಕ್ಕೆ ಆ ಸಂದಿಗಿಂತ ಒಳ್ಳೆಯ ಪಾತಿ ಬೇರಿಲ್ಲ. ಒಂದು ಹಂಚಿನ ಅಸಡ್ಡೆಯಿಂದ ಶುರುವಾಗಿ ಗೋಡೆ ಬೀಳುವವರೆಗೆ ಹತ್ತು ಹದಿನೈದು ವರ್ಷ ಸಾಕು. ನೂರೈವತ್ತು ವರ್ಷ ನಿಂತ ಕಟ್ಟಡಕ್ಕೆ ಇಷ್ಟು ಅಲ್ಪ ಕಾಲ.

ಅದಕ್ಕೆಂದೇ ಈ ಕಡೆ ಪತ್ತನಾಜೆಯ ಒಳಗೆ ಮಾಡಿನ ಕೆಲಸ ಮುಗಿಸಬೇಕು ಅನ್ನುತ್ತಾರೆ. ಮೇ 24–25ರ ಹೊತ್ತಿಗೆ ಬರುವ ಆ ದಿನದ ನಂತರ ಮಳೆ ಯಾವಾಗ ಬೇಕಾದರೂ ಹಿಡಿಯಬಹುದು. ಮಾಡಿಗೆ ಹತ್ತುವವರು ಹಂಚಿನ ನಡುವೆ ಕಾಲಿಡುವುದಿಲ್ಲ, ಕೆಳಗೆ ರೀಪು ಇರುವ ಗೆರೆಯ ಮೇಲೇ ಹೆಜ್ಜೆ. ಹಳಬರು ಹೊಸ ಹುಡುಗರಿಗೆ "ನಡುವೆ ತುಳಿಯಬೇಡಿ ಮಾರಾಯ್ರೆ, ಒಂದು ಸರಿಮಾಡಲು ಹೋಗಿ ಹತ್ತು ಒಡೀತೀರಿ" ಎಂದು ಹೇಳುವುದನ್ನು ಯಾವ ಊರಿನಲ್ಲೂ ಕೇಳಬಹುದು. ಅತಿ ಹೆಚ್ಚು ಸೋರುವುದು ಎರಡು ಮಾಡು ಕೂಡುವ ಒಳಮೂಲೆಯಲ್ಲಿ. ಅಲ್ಲಿನ ತಗಡಿನ ಮೇಲೆ ತರಗೆಲೆ ಕಟ್ಟಿ ನೀರು ಪಕ್ಕಕ್ಕೆ ಉಕ್ಕುತ್ತದೆ. ಅದನ್ನು ಮೇ ತಿಂಗಳಲ್ಲಿ ಒಮ್ಮೆ, ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಬಿಸಿಲು ಬಿಟ್ಟ ದಿನ ಇನ್ನೊಮ್ಮೆ ಗುಡಿಸಿದರೆ ಅರ್ಧ ರಿಪೇರಿ ಉಳಿಯುತ್ತದೆ.

ಸಂಜೆ ಹಿಂದಿರುಗುವಾಗ ಜೆಪ್ಪುವಿನ ಸಂತ ಜೋಸೆಫರ ಸೆಮಿನರಿಯ ಮುಂದೆ ಹಾದುಬನ್ನಿ. 1879ರ ಸಂಸ್ಥೆ, ಇಂದಿಗೂ ಅದೇ ಕೆಲಸ.

ಮೂರನೇ ದಿನ: ಬಿಜೈ, ಆಮೇಲೆ ಉಡುಪಿ

ಬೆಳಗ್ಗೆ ಬಿಜೈಯ ಶ್ರೀಮಂತಿ ಬಾಯಿ ಸ್ಮಾರಕ ಸರಕಾರಿ ವಸ್ತುಸಂಗ್ರಹಾಲಯ. ಕೆಎಸ್ಸಾರ್ಟಿಸಿ ನಿಲ್ದಾಣದಿಂದ ನಡೆದೇ ತಲುಪಬಹುದು. ಕರ್ನಲ್ ಮಿರಾಜ್‌ಕರ್ ಹಡಗಿನ ಆಕಾರದಲ್ಲಿ ಕಟ್ಟಿಸಿದ ಬಂಗಲೆ ಇದು. ತಾಯಿಯ ಹೆಸರಲ್ಲಿ ಸರಕಾರಕ್ಕೆ ಕೊಟ್ಟರು, 1960ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಮನೆಯನ್ನು ಮ್ಯೂಸಿಯಂ ಮಾಡಿದಾಗ ಎದುರಾಗುವ ತೊಡಕು ಎಲ್ಲೆಡೆ ಒಂದೇ. ಮನೆಗೆ ಬೆಳಕು ಬೇಕು, ಹಳೆ ಬಟ್ಟೆ, ಕಾಗದ, ಚಿತ್ರಕ್ಕೆ ಬೆಳಕು ವಿಷ. ಕಿಟಕಿ ಮುಚ್ಚಿದರೆ ಗಾಳಿ ನಿಂತು ಬೂಷ್ಟು. ಕರಾವಳಿಯಲ್ಲಿ ಈ ಎರಡರ ನಡುವೆ ಹದ ಹಿಡಿಯುವುದೇ ದೊಡ್ಡ ಕೆಲಸ. ಒಂದು ಗಂಟೆ ಸಾಕು.

ಅಲ್ಲಿಂದ ಉಡುಪಿಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಸುಮಾರು ಒಂದೂವರೆ ಗಂಟೆ. ಮಧ್ಯಾಹ್ನದ ಊಟ ಮುಗಿಸಿ ಮಿಶನ್ ಆಸ್ಪತ್ರೆಯ ಕಡೆ ಹೋಗಬಹುದು. 1923ರಲ್ಲಿ ಸ್ವಿಸ್ ವೈದ್ಯೆ ಡಾ. ಈವಾ ಲೊಂಬಾರ್ಡ್ ತೆರೆದ ಆಸ್ಪತ್ರೆ, ಈಗ ಅವರದೇ ಹೆಸರಲ್ಲಿದೆ. ಹೆಂಗಸರಿಗೆ ಹೆಂಗಸು ವೈದ್ಯೆ ಸಿಗುವುದೇ ಅಪರೂಪವಾಗಿದ್ದ ದಿನಗಳಲ್ಲಿ ಇದು ಈ ಸೀಮೆಗೆ ಎಷ್ಟು ದೊಡ್ಡ ಆಸರೆಯಾಗಿತ್ತೆಂದು ಊಹಿಸಬಹುದು. ರೋಗಿಗಳಿರುವ ಜಾಗ, ಕ್ಯಾಮೆರಾ ಚೀಲದಲ್ಲೇ ಇರಲಿ, ಹೊರಗಿನಿಂದ ನೋಡಿದರೆ ಸಾಕು.

ಇಲ್ಲಿ ಕಾಣುವುದು ಪಾಳುಬಿದ್ದ ಕಾರ್ಖಾನೆಗೆ ತದ್ವಿರುದ್ಧ. ನೂರು ವರ್ಷ ಒಂದೇ ಕೆಲಸ ನಡೆಯುವ ಸಂಸ್ಥೆಯಲ್ಲಿ ಕಟ್ಟಡ ಮೊದಲಿನಂತೆ ಉಳಿಯುವುದಿಲ್ಲ. ಆಸ್ಪತ್ರೆಗೆ ಲಿಫ್ಟು ಬೇಕು, ಆಮ್ಲಜನಕದ ಕೊಳವೆ ಬೇಕು, ತೊಳೆಯಲು ಬರುವ ನೆಲ ಬೇಕು. ಕೆಲಸ ಉಳಿಸಿಕೊಳ್ಳಲು ಗೋಡೆ ಬದಲಿಸಲೇಬೇಕು. ಹಳೆ ರೂಪ ಹಾಗೇ ಉಳಿದಿರುವುದು ಎಷ್ಟೋ ಸಲ ಕೆಲಸ ನಿಂತ ಕಡೆಗಳಲ್ಲಿ. ಹಳೆ ಕಟ್ಟಡ ಕೆಡವಿದರೆಂದು ಸಂಸ್ಥೆಗಳನ್ನು ದೂರುವ ಮೊದಲು ಈ ಇಕ್ಕಟ್ಟನ್ನು ನೆನೆಯಬೇಕು.

ಆದರೆ ಬದಲಾವಣೆಯಲ್ಲೂ ಕೆಟ್ಟದ್ದು ಒಳ್ಳೆಯದು ಅಂತಿದೆ. ಕೆಂಪುಕಲ್ಲಿನ ಗೋಡೆಗೆ ಸಿಮೆಂಟು ಗಿಲಾವು ಮಾಡುವುದು ಎಲ್ಲೆಲ್ಲೂ ಕಾಣುವ ತಪ್ಪು. ಕೆಂಪುಕಲ್ಲು ತೂತುತೂತಾದ ಕಲ್ಲು, ನೆಲದ ತೇವವನ್ನು ಬತ್ತಿಯ ಹಾಗೆ ಹೀರುತ್ತದೆ. ಸುಣ್ಣದ ಗಾರೆ ಆ ತೇವವನ್ನು ಹೊರಗೆ ಬಿಡುತ್ತದೆ, ಗೋಡೆ ಉಸಿರಾಡುತ್ತದೆ. ಸಿಮೆಂಟು ಬಾಯಿ ಮುಚ್ಚುತ್ತದೆ. ಹೊರಬರಲಾರದ ನೀರು ಇನ್ನೂ ಮೇಲಕ್ಕೇರಿ, ಎರಡು ಮೂರು ಅಡಿ ಇದ್ದ ತೇವದ ಗೆರೆ ಐದಡಿಗೆ ಹೋಗುತ್ತದೆ. ಗಿಲಾವು ಹಪ್ಪಳದಂತೆ ಎದ್ದು ಅದರ ಹಿಂದೆ ಬಿಳಿ ಉಪ್ಪಿನ ಹೂ ಕಾಣುತ್ತದೆ. ಮತ್ತೆ ಸಿಮೆಂಟು ಮೆತ್ತಿದರೆ ಮತ್ತೆ ಅದೇ ಕತೆ. ಸರಿಮಾಡುವ ದಾರಿ ಬೇರೆ: ಸಿಮೆಂಟನ್ನು ಪೂರಾ ಕೆತ್ತಿ ತೆಗೆದು, ಗೋಡೆಯನ್ನು ಒಂದು ಬೇಸಗೆ ಬರಿಮೈಯಲ್ಲಿ ಒಣಗಲು ಬಿಡಬೇಕು. ಆಮೇಲೆ ಚೆನ್ನಾಗಿ ಅರಳಿಸಿ ಎರಡು ಮೂರು ವಾರ ನೀರಲ್ಲಿ ಇಟ್ಟ ಸುಣ್ಣ ಒಂದು ಪಾಲು, ತೊಳೆದ ಹೊಳೆಮರಳು ಎರಡೂವರೆಯಿಂದ ಮೂರು ಪಾಲು. ಸಮುದ್ರದ ಮರಳು ಬೇಡ, ಅದರ ಉಪ್ಪು ಗೋಡೆಯಲ್ಲೇ ಕೂರುತ್ತದೆ. ತೆಳುವಾಗಿ ಎರಡು ಮೂರು ಸಲ ಬಳಿದು, ವಾರಕ್ಕೂ ಹೆಚ್ಚು ಕಾಲ ಒದ್ದೆ ಗೋಣಿ ಹೊದೆಸಿ ಇಡಬೇಕು. ಅವಸರಪಟ್ಟು ಒಣಗಿಸಿದ ಸುಣ್ಣದ ಗಿಲಾವು ಕೈಯಿಂದ ಉಜ್ಜಿದರೆ ಹುಡಿಯಾಗುತ್ತದೆ. ಸುಣ್ಣ ಬರಲಿಲ್ಲ ಎಂದು ದೂರುವವರಲ್ಲಿ ಹೆಚ್ಚಿನವರು ತಪ್ಪಿದ್ದು ಇಲ್ಲೇ.

ಸಂಜೆಯೊಳಗೆ ನೋಡಬೇಕಾದ ಇನ್ನೊಂದು ಮನೆ ಹಾಜಿ ಅಬ್ದುಲ್ಲಾ ಸಾಹೇಬರದು. 1906ರ ಮಾರ್ಚ್ 12ರಂದು ಐದು ಸಾವಿರ ರೂಪಾಯಿ ಬಂಡವಾಳದಲ್ಲಿ ಉಡುಪಿಯಲ್ಲಿ ಹುಟ್ಟಿದ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಮೊದಲ ದಿನ ಜಮೆಯಾದದ್ದು 38 ರೂಪಾಯಿ 13 ಆಣೆ 2 ಪೈ. ಅದರ ಸ್ಥಾಪಕರಾದ ಹಾಜಿ ಅಬ್ದುಲ್ಲಾರ ಮನೆ ಈಗ ನಾಣ್ಯಗಳ ಸಂಗ್ರಹಾಲಯ. 2020ರ ಏಪ್ರಿಲ್ 1ಕ್ಕೆ ಬ್ಯಾಂಕೇ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಬ್ಯಾಂಕಿನ ಹೆಸರು ಹೋಗಿ ಬ್ಯಾಂಕು ಹುಟ್ಟಿದ ಮನೆ ಉಳಿದಿದೆ. ಬಾಗಿಲು ತೆರೆಯುವ ಸಮಯವನ್ನು ಮೊದಲೇ ವಿಚಾರಿಸಿಕೊಂಡು ಹೋಗಿ.

ನಾಲ್ಕನೇ ದಿನ: ಮಣಿಪಾಲ, ಮಲ್ಪೆ

ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ವಿಜಯನಾಥ ಶೆಣೈ ಅವರ ಜೀವಮಾನದ ಕೆಲಸ. ಕೆಡವಲು ಹೊರಟಿದ್ದ ಮನೆ, ಮಹಲುಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿದ ಊರು. ಮುಧೋಳ ಅರಮನೆಯ ದರ್ಬಾರ್ ಹಾಲ್, ಕುಕನೂರಿನ ಕಮಲ ಮಹಲ್, ಮಿಯಾರಿನ ಮನೆ ಇವೆಲ್ಲದರ ನಡುವೆ ಬಾಸೆಲ್ ಮಿಶನ್ ಮನೆಯೂ ಒಂದಿದೆ. ನಾಲ್ಕು ದಿನ ಹಿಡಿದು ಬಂದ ಜಾಡಿನಲ್ಲಿ ಆ ಮನೆಯ ಮುಂದೆ ಬಂದು ನಿಂತಾಗ ಉಳಿದ ಕಟ್ಟಡಗಳನ್ನು ಓಡೋಡಿ ನೋಡಿದ್ದರೂ ಇಲ್ಲಿ ಅರ್ಧ ಗಂಟೆ ನಿಲ್ಲಬೇಕು.

ಕಟ್ಟಡ ಸ್ಥಳಾಂತರ ಅಂದರೆ ಕೆಡವಿದ ಮರ ತಂದು ಹೊಸ ಮನೆ ಕಟ್ಟುವುದಲ್ಲ. ಬಿಚ್ಚುವ ಮೊದಲು ಪ್ರತಿ ಗೋಡೆಯ ಅಳತೆ, ಚಿತ್ರ, ಫೋಟೋ. ನಂತರ ಪ್ರತಿ ತೊಲೆ, ಕಂಬ, ಪಕ್ಕಾಸಿಗೆ ಒಂದು ಸಂಖ್ಯೆ. ಸೀಮೆಸುಣ್ಣದಲ್ಲಿ ಬರೆದರೆ ಮೊದಲ ಮಳೆಗೆ ಹೋಗುತ್ತದೆ, ಆದ್ದರಿಂದ ಲೋಹದ ಬಿಲ್ಲೆ ಹೊಡೆಯುವುದು ಅಥವಾ ಕಾಣದ ಬದಿಯಲ್ಲಿ ಉಳಿಯಿಂದ ಗುರುತು ಕೊರೆಯುವುದು. ಬಿಚ್ಚುವುದು ಮೇಲಿನಿಂದ ಕೆಳಕ್ಕೆ: ಹಂಚು, ರೀಪು, ಪಕ್ಕಾಸು, ತೊಲೆ, ಕಂಬ. ಹಳೆ ಮರಗೆಲಸದಲ್ಲಿ ಮೊಳೆಗಿಂತ ಮರದ ಗೂಟವೇ ಹೆಚ್ಚು. ಗೂಟವನ್ನು ಹೊಡೆದ ಬದಿಯ ಎದುರಿನಿಂದ ಬಡಿದು ಹೊರಹಾಕಬೇಕು, ತಪ್ಪು ಬದಿಯಿಂದ ಬಡಿದರೆ ಸಂದು ಸೀಳುತ್ತದೆ. ಕಿರಾಲ್‌ಬೋಗಿ, ಸಾಗುವಾನಿಯ ತೊಲೆ ನೂರು ವರ್ಷದ ಮೇಲೂ ನಡುವೆ ಗಟ್ಟಿಯಾಗಿಯೇ ಇರುತ್ತದೆ. ಕೆಟ್ಟಿರುವುದು ಸಾಮಾನ್ಯವಾಗಿ ಗೋಡೆಯೊಳಗೆ ಹೂತ ತುದಿ, ಒಂದು ಒಂದೂವರೆ ಅಡಿ. ಅಷ್ಟನ್ನು ಕತ್ತರಿಸಿ ಅದೇ ಜಾತಿಯ ಮರ ಬೆಸೆದರೆ ತೊಲೆ ಉಳಿಯುತ್ತದೆ.

ಇಷ್ಟು ಮಾಡಿದರೂ ಕಳೆದುಹೋಗುವುದೊಂದಿದೆ: ಕಟ್ಟಡ ನಿಂತಿದ್ದ ಜಾಗ. ಗುಡ್ಡದ ಯಾವ ಬದಿಗೆ ಮುಖಮಾಡಿತ್ತು, ಬಾವಿ ಎಲ್ಲಿತ್ತು ಎಂಬುದೆಲ್ಲ ಬಿಟ್ಟೇ ಬರಬೇಕು. ಬುಲ್ಡೋಜರಿನ ಎದುರು ಬೇರೆ ದಾರಿ ಇಲ್ಲದಾಗ ಮಾತ್ರ ಹಿಡಿಯಬೇಕಾದ ದಾರಿ ಇದು. ಶೆಣೈ ಅವರಿಗೆ ಸಿಕ್ಕಿದ್ದು ಅಂಥ ಕಟ್ಟಡಗಳೇ.

ಮಧ್ಯಾಹ್ನದ ಬಿಸಿಲು ಇಳಿದ ಮೇಲೆ ಉಡುಪಿಗೆ ಬಂದು ಮಲ್ಪೆ ಬಸ್ಸು. ಆರೇಳು ಕಿಲೋಮೀಟರ್. ಮಿಶನ್ ಇಲ್ಲೂ ಹಂಚು ಸುಟ್ಟಿತ್ತು, ಈಗ ಊರು ಪೂರ್ತಿ ಮೀನುಗಾರಿಕೆಯದು. ಬಂದರಿನ ದಾರಿಯಲ್ಲೂ ಉಡುಪಿಯ ಹೊರವಲಯದಲ್ಲೂ ಹಳೆ ಮನೆ ಕೆಡವಿದವರು ಮಾರಲು ಜೋಡಿಸಿಟ್ಟ ಹಂಚಿನ ರಾಶಿಗಳು ಕಣ್ಣಿಗೆ ಬೀಳುತ್ತವೆ. ಹಳೆ ಕಟ್ಟಡ ದುರಸ್ತಿ ಮಾಡುವವರಿಗೆ ಈ ರಾಶಿಗಳೇ ಅಂಗಡಿ, ಏಕೆಂದರೆ ಹೊಸ ಹಂಚು ಹಳೆಯದರ ಜೊತೆ ಕೂರುವುದಿಲ್ಲ. ಒಂದೊಂದು ಕಾರ್ಖಾನೆಯ ಅಚ್ಚು ಕೆಲವೇ ಮಿಲಿಮೀಟರ್ ಹೆಚ್ಚುಕಡಿಮೆ. ಕಣ್ಣಿಗೆ ಒಂದೇ ಥರ ಕಂಡರೂ ಮಾಡಿನ ಮೇಲೆ ಏಣು ಕಾಲುವೆಯೊಳಗೆ ಇಳಿಯದೆ ಎದ್ದು ನಿಲ್ಲುತ್ತದೆ, ಗಾಳಿಮಳೆಗೆ ನೀರು ಒಳಗೆ ಬರುತ್ತದೆ. ಆದ್ದರಿಂದ ಮಾಡಿನಿಂದ ಒಂದು ಹಂಚು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೇ ಕೊಳ್ಳಲು ಹೋಗಬೇಕು. ಅದೇ ಅಚ್ಚಿನ ಹೆಸರು ಹುಡುಕಿ, ರಾಶಿಯ ಎರಡು ಹಂಚಿನ ನಡುವೆ ನಿಮ್ಮದನ್ನು ಕೂರಿಸಿ ನೋಡಿ. ಮೂಗು ಮುರಿದದ್ದು ಬೇಡ. ಪ್ರತಿಯೊಂದನ್ನೂ ಬೆರಳ ಗಂಟಿನಿಂದ ತಟ್ಟಿ. ಚೆನ್ನಾಗಿ ಬೆಂದ ಹಂಚು ಕಂಚಿನ ಹಾಗೆ ಠಣ್ ಅನ್ನುತ್ತದೆ, ಕೂದಲೆಳೆಯ ಸೀಳಿದ್ದರೂ ಶಬ್ದ ಒಡಕು. ಬೇಕಾದ ಲೆಕ್ಕಕ್ಕೆ ನೂರಕ್ಕೆ ಹತ್ತು ಹೆಚ್ಚು ತನ್ನಿ, ಸಾಗಿಸುವಾಗ ಮತ್ತು ಮಾಡಿಗೆ ಏರಿಸುವಾಗ ಅಷ್ಟು ಒಡೆಯುತ್ತವೆ. ಲಾರಿಯಲ್ಲಿ ಮಲಗಿಸಬೇಡಿ, ಕೆಳಗೆ ಬೈಹುಲ್ಲು ಹಾಕಿ ಅಂಚಿನ ಮೇಲೆ ನಿಲ್ಲಿಸಿ ಬಿಗಿಯಾಗಿ ಜೋಡಿಸಿ.

ರಾಶಿಯಲ್ಲಿ ಬಾಸೆಲ್ ಮಿಶನ್ ಅಚ್ಚಿನದು ಸಿಕ್ಕರೆ ತೆಂಗಿನ ನಾರಿನಿಂದ ಪಾಚಿ ಉಜ್ಜಿ ತೊಳೆಯಿರಿ, ಕಬ್ಬಿಣದ ಬ್ರಶ್ಶು ಹಾಕಿದರೆ ಸುಟ್ಟ ಮೇಲ್ಮೈ ಹೋಗಿ ನೀರು ಕುಡಿಯಲು ಶುರುಮಾಡುತ್ತದೆ. ಎರಡು ದಿನ ನೆರಳಲ್ಲಿ ಒಣಗಿಸಿ ಮತ್ತೆ ತಟ್ಟಿ ನೋಡಿ. ಠಣ್ ಅಂದರೆ ಮಾಡಿಗೆ ಏರಿಸಬಹುದು.